ಮಾತ್ರೆ ಕಡಿಮೆ ಮಾಡಿದ ಮೇಲೆ ಹೆಗಲು ಹಿಡಿದುಕೊಂಡರೆ

ಈ ಸಲ ಮೂರು ಪತ್ರ ತೆಗೆದುಕೊಂಡಿದ್ದೇನೆ. ಸಕಲೇಶಪುರ, ಅರಸೀಕೆರೆ, ಚಿಕ್ಕಮಗಳೂರು. ಮೂರೂ ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್‌ನ ಮಾತ್ರೆ ಕಡಿಮೆ ಮಾಡುವ ಬಗ್ಗೆಯೇ ಇವೆ. ಬೇರೆ ಪ್ರಶ್ನೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 57 ವರ್ಷ. ಮೂರೂವರೆ ಎಕರೆ ಕಾಫಿ ತೋಟ, ಮಧ್ಯೆ ಮೆಣಸು. 2012ರಲ್ಲಿ ಸಿಎಂಎಲ್ ಅಂತ ಗೊತ್ತಾಯಿತು. ಅವತ್ತಿನಿಂದ ಇಮ್ಯಾಟಿನಿಬ್ 400 ತೆಗೆದುಕೊಳ್ಳುತ್ತಿದ್ದೆ. ಒಂದು ದಿನ ತಪ್ಪಿಸಿಲ್ಲ. ಮಗಳ ಮದುವೆ ದಿನ ಕೂಡ ಧಾರೆ ಮುಗಿಸಿ, ಊಟ ಮಾಡಿ, ಛತ್ರದ ಹಿಂದೆ ಹೋಗಿ ಮಾತ್ರೆ ನುಂಗಿ ಬಂದಿದ್ದೆ. ನಾಲ್ಕು ವರ್ಷದಿಂದ ರಿಪೋರ್ಟ್ 0.01ಕ್ಕಿಂತ ಕೆಳಗೇ ಇದೆ. ಅದಕ್ಕೆ ಬೆಂಗಳೂರಿನ ಡಾಕ್ಟರು ಏಳು ವಾರದ ಹಿಂದೆ ಅರ್ಧಕ್ಕೆ ಇಳಿಸಿದರು. ಈಗ 100ರ ಮಾತ್ರೆ ಎರಡು. ಮೊದಲು ಚೆನ್ನಾಗಿಯೇ ಇತ್ತು, ಕಣ್ಣಿನ ಕೆಳಗಿನ ಊತ ಇಳಿಯಿತು, ರಾತ್ರಿ ಮೀನಖಂಡ ಹಿಡಿಯುವುದು ನಿಂತಿತು. ಮೂರನೇ ವಾರದಿಂದ ಎರಡೂ ಹೆಗಲು, ಸೊಂಟದ ಪಕ್ಕ, ತೊಡೆ ಎಲ್ಲಾ ಹಿಡಿದುಕೊಂಡಿವೆ. ಬೆಳಿಗ್ಗೆ ಅಂಗಿಯ ತೋಳಿಗೆ ಕೈ ಹಾಕಲು ಹೆಂಡತಿ ಸಹಾಯ ಬೇಕು. ಕಾಯಿಲೆ ತಿರುಗಿ ಬಂತು ಅಂತ ಮನೆಯಲ್ಲಿ ಅಳು. ಇಷ್ಟು ವರ್ಷ ತಿಂದ ಮಾತ್ರೆ, ಮೈಗೆ ಚಟ ಹತ್ತಿದೆ ಅಂತ ಪಕ್ಕದ ತೋಟದವರು ಹೇಳುತ್ತಾರೆ. ಹೆದರಿಕೆಗೆ ಮೂರು ದಿನ ನಾನೇ ನಾಲ್ಕು ಮಾತ್ರೆ ನುಂಗಿದೆ. ಡಾಕ್ಟರಿಗೆ ಹೇಳಿಲ್ಲ. ಇನ್ನು ಐದು ವಾರ ಬಿಟ್ಟು ಬರಲು ಹೇಳಿದ್ದಾರೆ. ಇದು ಏನು? ಹಳೇ ಲೆಕ್ಕಕ್ಕೇ ಹೋಗಿಬಿಡಲಾ?
ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಮನೆಯವರಿಗೆ ಮೊದಲು ಈ ಸಾಲು ಓದಿ ಹೇಳಿ. ನೀವು ಬರೆದ ನೋವು ಕಾಯಿಲೆ ಮರಳಿ ಬಂದಿದ್ದರ ಗುರುತಲ್ಲ. ಎರಡೂ ಹೆಗಲು, ಎರಡೂ ಸೊಂಟ, ತೊಡೆ, ಬೆಳಿಗ್ಗೆ ಎದ್ದಾಗ ಜಾಸ್ತಿ, ಅದೂ ಮಾತ್ರೆ ಇಳಿಸಿದ ಕೆಲವು ವಾರಕ್ಕೆ ಶುರು. ಈ ಜಾತಿಯ ಔಷಧಿ ಬಿಡುವಾಗ ಬರುವ ನೋವಿನ ವರ್ಣನೆ ಹೆಚ್ಚುಕಡಿಮೆ ಇದೇ. ಇದಕ್ಕೆ ವಿತ್‌ಡ್ರಾಯಲ್ ಸಿಂಡ್ರೋಮ್ ಅನ್ನುತ್ತಾರೆ. ಸ್ವೀಡನ್ನಿನ ವೈದ್ಯರು 2014ರಲ್ಲಿ ಇದನ್ನು ಮೊದಲು ವಿವರವಾಗಿ ಬರೆದರು. ಇಮ್ಯಾಟಿನಿಬ್ ಪೂರ್ತಿ ನಿಲ್ಲಿಸಿದ 50 ಜನರಲ್ಲಿ 15 ಜನಕ್ಕೆ ಒಂದರಿಂದ ಆರು ವಾರದೊಳಗೆ ಇಂಥದೇ ಮೈಕೈ ನೋವು ಬಂದಿತ್ತು. ಆಮೇಲೆ ಕೊರಿಯಾ, ಫ್ರಾನ್ಸ್, ಇಂಗ್ಲೆಂಡ್ ಎಲ್ಲಾ ಕಡೆ ಕಂಡಿದೆ. ಪೂರ್ತಿ ನಿಲ್ಲಿಸಿದವರಲ್ಲಿ ಇದು ಜಾಸ್ತಿ, ಅರ್ಧ ಮಾಡಿದವರಲ್ಲೂ ಕೆಲವರಿಗೆ ಬರುತ್ತದೆ. ತುಂಬಾ ವರ್ಷ ಮಾತ್ರೆ ತಿಂದವರಿಗೆ, ಮೊದಲೇ ಮಂಡಿನೋವು ಕೀಲುನೋವು ಇದ್ದವರಿಗೆ ಬರುವ ಸಂಭವ ಹೆಚ್ಚು.

ಆದರೂ ಪತ್ರ ಓದಿ ಖಚಿತ ಹೇಳುವುದು ತಪ್ಪಾಗುತ್ತದೆ. ಖಚಿತ ಹೇಳುವುದು ನಿಮ್ಮ ರಕ್ತ. ರಕ್ತದಲ್ಲಿ ಕಾಯಿಲೆ ಎಷ್ಟು ಉಳಿದಿದೆ ಅಂತ ಶೇಕಡಾ ಲೆಕ್ಕದಲ್ಲಿ ಹೇಳುವ ಬಿಸಿಆರ್-ಎಬಿಎಲ್ ಪರೀಕ್ಷೆ, ಮಾತ್ರೆ ಅರ್ಧ ಮಾಡಿದ ಮೇಲೆ ಒಂದು ಸಲವಾದರೂ ಆಗಿದೆಯಾ? ಪತ್ರದಲ್ಲಿ ಬರೆದಿಲ್ಲ. ಆಗಿಲ್ಲದಿದ್ದರೆ ಐದು ವಾರ ಕಾಯಬೇಡಿ, ಫೋನ್ ಮಾಡಿ ಕೇಳಿ, ಈ ವಾರವೇ ಕೊಡಿ. ಸಂಖ್ಯೆ 0.1ರ ಒಳಗೆ ಇದ್ದರೆ ಕಾಯಿಲೆ ಹತೋಟಿಯಲ್ಲಿದೆ ಅಂತ ಅರ್ಥ. 0.1 ದಾಟಿದರೆ ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೆ ಏರಿಸುತ್ತಾರೆ. ಅಷ್ಟೇ, ಅದರಿಂದಾಚೆ ಆಕಾಶ ಬೀಳುವುದಿಲ್ಲ. ನೋವು ಎಷ್ಟಿದೆ ಅನ್ನುವುದಕ್ಕೂ ಈ ಸಂಖ್ಯೆಗೂ ಸಂಬಂಧ ಇಲ್ಲ. ವಿಪರೀತ ನೋವಿದ್ದವರ ರಿಪೋರ್ಟ್ ಚೊಕ್ಕ ಇರುವುದನ್ನು ನಾನು ನೋಡಿದ್ದೇನೆ. ಒಂದು ಚೂರೂ ನೋವಿಲ್ಲದೆ, ಆರಾಮಾಗಿ ಓಡಾಡಿಕೊಂಡು ಇದ್ದವರ ಸಂಖ್ಯೆ ಮೇಲೆ ಹೋಗಿದ್ದನ್ನೂ ನೋಡಿದ್ದೇನೆ. ಅದಕ್ಕೇ ನೋವನ್ನು ನೋಡಿ ಮಾತ್ರೆ ಏರಿಸಬೇಡಿ, ರಿಪೋರ್ಟ್ ನೋಡಿ ಏರಿಸೋಣ.

ರಕ್ತ ಕೊಡುವ ಬಗ್ಗೆ ಒಂದು ಮಾತು, ಇದು ಹಾಸನದ ಕಡೆಯವರಿಗೆ ಮುಖ್ಯ. ನಮ್ಮಲ್ಲಿ ತೆಗೆದ ಸ್ಯಾಂಪಲ್ ಬಹುಪಾಲು ಬೆಂಗಳೂರಿಗೋ ಇನ್ನೂ ದೂರಕ್ಕೋ ಹೋಗುತ್ತದೆ. ಈ ಪರೀಕ್ಷೆಯಲ್ಲಿ ನೋಡುವುದು ಆರ್‌ಎನ್‌ಎ, ಅದು ಬೇಗ ಹಾಳಾಗುತ್ತದೆ. ಒಂದೆರಡು ದಿನದೊಳಗೆ ಲ್ಯಾಬ್ ಮುಟ್ಟಬೇಕು. ಶನಿವಾರ ಸಂಜೆ ರಕ್ತ ಕೊಟ್ಟು ಬಂದರೆ ಅದು ಭಾನುವಾರ ಎಲ್ಲೋ ಕೂತಿರುತ್ತದೆ. ಸೋಮವಾರ ಮಂಗಳವಾರ ಬೆಳಿಗ್ಗೆ ಕೊಡಿ. ರಿಪೋರ್ಟಿನಲ್ಲಿ ಸಂಖ್ಯೆಯ ಪಕ್ಕ ಐಎಸ್ ಅಂತ ಇರಬೇಕು, ಅಂದರೆ ಎಲ್ಲಾ ಕಡೆ ಒಪ್ಪುವ ಅಳತೆ. ಪ್ರತಿ ಸಲ ಒಂದೇ ಲ್ಯಾಬಿಗೆ ಕೊಡಿ. ಮೂರು ಲ್ಯಾಬಿನ ಮೂರು ಕಾಗದ ಮುಂದೆ ಇಟ್ಟರೆ ಏರಿದೆಯೋ ಇಳಿದಿದೆಯೋ ನನಗೂ ಹೇಳಲು ಬರುವುದಿಲ್ಲ.

ಇನ್ನು ಚಟದ ಮಾತು. ಇದು ಕುಡಿತದ ಹಾಗಲ್ಲ, ಬೀಡಿಯ ಹಾಗೂ ಅಲ್ಲ. ಮಾತ್ರೆ ಬೇಕು ಅಂತ ನಿಮ್ಮ ಮನಸ್ಸು ಎಳೆಯುತ್ತಿಲ್ಲ, ಅಲ್ವಾ? ಇಮ್ಯಾಟಿನಿಬ್ ತಡೆಯುವುದು ಕಾಯಿಲೆ ತರುವ ಬಿಸಿಆರ್-ಎಬಿಎಲ್ ಅನ್ನುವ ಪ್ರೋಟೀನ್ ಒಂದನ್ನೇ ಅಲ್ಲ. ಕಿಟ್ ಅಂತ ಒಂದು, ಪಿಡಿಜಿಎಫ್ ರಿಸೆಪ್ಟರ್ ಅಂತ ಇನ್ನೊಂದು, ಹೀಗೆ ಮೈಯಲ್ಲಿ ಬೇರೆ ಕೆಲಸ ಮಾಡುವ ಕೆಲವನ್ನೂ ಅದುಮಿ ಇಟ್ಟಿರುತ್ತದೆ. ನೀವು ತೋಟದವರು, ನಿಮಗೆ ಮರಗಸಿ ಗೊತ್ತು. ದಟ್ಟ ನೆರಳಿನ ಕೆಳಗೆ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದ ನೆಲ, ಕೊಂಬೆ ಸವರಿ ಬಿಸಿಲು ಬಿಟ್ಟ ಕೂಡಲೇ ಏನೇನೋ ಒಟ್ಟಿಗೆ ಚಿಗುರುತ್ತದೆ. ಕಾಫಿ ಗಿಡವೂ ಕಂಬಚಿಗುರು ಬಿಡುತ್ತದೆ, ಕಳೆಯೂ ಏಳುತ್ತದೆ, ಸ್ವಲ್ಪ ದಿನ ಗಲಾಟೆ. ನಿಮ್ಮ ಮೈಯಲ್ಲಿ ಆಗುತ್ತಿರುವುದು ಅಂಥದೇ ಅಂತ ವೈದ್ಯರು ಅಂದಾಜು ಮಾಡಿದ್ದಾರೆ. ಹದಿಮೂರು ವರ್ಷ ಅದುಮಿಕೊಂಡಿದ್ದು ಈಗ ಮೇಲೆ ಏಳುತ್ತಿದೆ, ಕೀಲು ಮತ್ತು ಮಾಂಸಖಂಡ ಅದಕ್ಕೆ ಹೊಂದಿಕೊಳ್ಳಬೇಕು. ಬಹಳ ಜನಕ್ಕೆ ಕೆಲವು ವಾರದಿಂದ ಕೆಲವು ತಿಂಗಳು ಹಿಡಿಯುತ್ತದೆ. ಸ್ವಲ್ಪ ಜನಕ್ಕೆ ವರ್ಷದವರೆಗೂ ಎಳೆಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಿನ ಕಳೆದ ಹಾಗೆ ಇಳಿಯುವ ನೋವು ಇದು.

ಮೂರು ದಿನ ನಾಲ್ಕು ಮಾತ್ರೆ ನುಂಗಿದಿರಿ. ಅದರಿಂದ ಅಪಾಯ ಆಗಿಲ್ಲ, ಅದು ನಿಮ್ಮ ಹಳೇ ಪ್ರಮಾಣವೇ. ಆದರೆ ಡಾಕ್ಟರಿಗೆ ಹೇಳಲೇಬೇಕು. ಒಂದು ವಾರ ಎರಡು, ಮೂರು ದಿನ ನಾಲ್ಕು, ಮತ್ತೆ ಎರಡು ಹೀಗೆ ಮಾಡಿದರೆ ಮೈ ಯಾವುದಕ್ಕೆ ಹೊಂದಿಕೊಳ್ಳಬೇಕು? ನೋವಿನ ಕಾಲ ಇನ್ನೂ ಉದ್ದ ಆಗಬಹುದು. ರಿಪೋರ್ಟ್ ಓದುವವರಿಗೂ ದಾರಿ ತಪ್ಪುತ್ತದೆ, ಅರ್ಧ ಮಾತ್ರೆಯಲ್ಲಿ ಚೆನ್ನಾಗಿದೆ ಅಂದುಕೊಂಡು ಮುಂದಿನ ಹೆಜ್ಜೆ ಇಡುತ್ತಾರೆ. ಬೈಯುತ್ತಾರೆ ಅನ್ನುವ ಭಯ ಬೇಡ.

ಹಾಗೆ ನೋಡಿದರೆ ಆ ಹೆದರಿಕೆ ನಿಮಗೆ ಹಾಕಿದ್ದೇ ನಾವು. 2001ಕ್ಕೆ ಮುಂಚೆ ಸಿಎಂಎಲ್ ಅಂದರೆ ಇಂಟರ್‌ಫೆರಾನ್ ಚುಚ್ಚುಮದ್ದು, ಇಲ್ಲವಾದರೆ ಅಸ್ಥಿಮಜ್ಜೆ ಕಸಿ. ಕಸಿಗೆ ಹೊಂದುವ ಅಣ್ಣನೋ ತಂಗಿಯೋ ಸಿಗದವರಿಗೆ ಗುಣವಾಗುವ ದಾರಿ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಆ ವರ್ಷ ಅಮೆರಿಕದಲ್ಲಿ ಇಮ್ಯಾಟಿನಿಬ್‌ಗೆ ಒಪ್ಪಿಗೆ ಸಿಕ್ಕಿ, ದಿನಕ್ಕೊಂದು ಮಾತ್ರೆಯಲ್ಲಿ ಜನ ಕೆಲಸಕ್ಕೆ ಹೋಗತೊಡಗಿದರು. ಅದನ್ನು ಮೊದಲು ತಂದ ಕಂಪನಿಯ ಮಾತ್ರೆಗೆ ಆಗ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು, ನಮ್ಮ ದೇಶದಲ್ಲೇ ತಯಾರಾದದ್ದು ಅದರ ಹತ್ತನೇ ಒಂದು ಭಾಗಕ್ಕೂ ಕಡಿಮೆ ಬೆಲೆಗೆ ಸಿಗುತ್ತಿತ್ತು. ಆ ಕಂಪನಿಯ ಮಾತ್ರೆಗೆ ಪೇಟೆಂಟ್ ಕೊಡುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಹೇಳಿದ ದಿನ ನಮ್ಮ ವಾರ್ಡಿನಲ್ಲಿ ಆದ ಸಂತೋಷ ನನಗೆ ಇನ್ನೂ ನೆನಪಿದೆ. ಇಷ್ಟು ಕಷ್ಟಪಟ್ಟು ಕೈಗೆ ಬಂದ ಮಾತ್ರೆ. ಅದಕ್ಕೇ ಪ್ರತಿ ರೋಗಿಗೂ ಒಂದೇ ಒಂದು ದಿನ ಬಿಟ್ಟರೂ ಕೆಟ್ಟಿರಿ ಅಂತ ಹೇಳುತ್ತಾ ಬಂದೆವು. ಹದಿಮೂರು ವರ್ಷ ಆ ಮಾತು ಕೇಳಿದವರಿಗೆ ಒಂದು ದಿನ ಎದುರು ಕೂರಿಸಿಕೊಂಡು, ಇನ್ನು ಅರ್ಧ ಸಾಕು ಅಂದರೆ ಹೇಗೆ ನಂಬಬೇಕು?

ನಂಬಲು ಕಾರಣ ಇದೆ, ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ನಿಮ್ಮಂಥ 174 ಜನಕ್ಕೆ ಮಾತ್ರೆ ಅರ್ಧ ಮಾಡಿ, ಒಂದು ವರ್ಷ ಪ್ರತಿ ತಿಂಗಳು ರಕ್ತ ನೋಡಿದರು. ಡೆಸ್ಟಿನಿ ಅಂತ ಆ ಅಧ್ಯಯನದ ಹೆಸರು. ವರ್ಷದಲ್ಲಿ ಸಂಖ್ಯೆ 0.1 ದಾಟಿದ್ದು 12 ಜನರದ್ದು ಮಾತ್ರ. ಪೂರ್ತಿ ಮಾತ್ರೆ ಕೊಟ್ಟ ಮೇಲೆ ಅವರದ್ದೂ ಹತೋಟಿಗೆ ಬಂತು. ವರ್ಷ ಕಳೆದ ಮೇಲೆ ಉಳಿದವರಿಗೆ ಪೂರ್ತಿ ನಿಲ್ಲಿಸಿದರು. ನಿಮ್ಮ ಹಾಗೆ 0.01ರ ಕೆಳಗೆ ಗಟ್ಟಿಯಾಗಿ ನಿಂತಿದ್ದವರಲ್ಲಿ ಸುಮಾರು ನೂರಕ್ಕೆ 72 ಜನ, ಒಟ್ಟು ಮೂರು ವರ್ಷ ಆದಮೇಲೂ ಕಾಯಿಲೆ ತಲೆ ಎತ್ತದೆ ಇದ್ದರು. ನಿಮ್ಮ ಡಾಕ್ಟರು ನಿಮ್ಮನ್ನು ಕರೆದುಕೊಂಡು ಹೋಗುತ್ತಿರುವುದು ಈ ದಾರಿಯಲ್ಲಿ. ಅವರು ಇಷ್ಟನ್ನೂ ಕೂರಿಸಿ ಹೇಳಿದ್ದರೆ, ಮೂರನೇ ವಾರಕ್ಕೆ ಹೆಗಲು ಹಿಡಿಯಬಹುದು ಅಂತ ಮೊದಲೇ ಎಚ್ಚರಿಸಿದ್ದರೆ ನಿಮ್ಮ ಮನೆಯಲ್ಲಿ ಈ ಅಳು ಇರುತ್ತಿರಲಿಲ್ಲ. ಓಪಿಡಿಯ ನೂಕುನುಗ್ಗಲಲ್ಲಿ ಇದು ತಪ್ಪಿಹೋಗುತ್ತದೆ. ನನ್ನಿಂದಲೂ ತಪ್ಪಿದೆ. ಆರು ವರ್ಷದ ಹಿಂದೆ ಒಬ್ಬ ಟೀಚರಮ್ಮನಿಗೆ ನಾನೇ ಮಾತ್ರೆ ನಿಲ್ಲಿಸಿ, ನೋವಿನ ವಿಷಯ ಹೇಳುವುದನ್ನು ಮರೆತೆ. ಅವರು ಬೋರ್ಡಿನ ಮೇಲೆ ಬರೆಯಲು ಕೈ ಎತ್ತಲಾಗದೆ ಒಂದು ತಿಂಗಳು ರಜಾ ಹಾಕಿ, ಯಾರಿಗೂ ಹೇಳದೆ, ಸಾವು ಹತ್ತಿರ ಬಂತು ಅಂತ ಮನೆ ಪತ್ರ ಮಗನ ಹೆಸರಿಗೆ ಮಾಡಿಸಲು ಓಡಾಡಿದ್ದರು. ಆಮೇಲೆ ಬಂದರು. ರಿಪೋರ್ಟ್ ಚೊಕ್ಕ ಇತ್ತು. ಅವತ್ತಿನಿಂದ ಮಾತ್ರೆ ಇಳಿಸುವ ದಿನವೇ ಚೀಟಿಯ ಹಿಂದೆ ದೊಡ್ಡದಾಗಿ ಬರೆದು ಕೊಡುತ್ತೇನೆ: ನೋವು ಬರಬಹುದು, ಬಂದರೆ ಫೋನ್ ಮಾಡಿ.

ಈಗ ನೋವಿಗೆ ಏನು ಮಾಡುವುದು. ಪ್ಯಾರಾಸಿಟಮಾಲ್‌ನಿಂದ ಶುರು ಮಾಡಿ. 650ರದ್ದು, ಊಟದ ಮೇಲೆ, ದಿನಕ್ಕೆ ಎರಡು ಅಥವಾ ಮೂರು ಸಲ. ನಿಮ್ಮ ಲಿವರ್ ರಿಪೋರ್ಟ್ ಸರಿ ಇದೆಯಾ ಅಂತ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಇಮ್ಯಾಟಿನಿಬ್ ಕೂಡ ಲಿವರಿನ ಮೇಲೆಯೇ ಭಾರ ಹಾಕುವ ಔಷಧಿ. ಕುಡಿಯುವ ಅಭ್ಯಾಸ ಇದ್ದರೆ ಈ ತಿಂಗಳುಗಳಲ್ಲಿ ಬೇಡವೇ ಬೇಡ. ಪ್ಯಾರಾಸಿಟಮಾಲ್ ಸಾಲದಿದ್ದರೆ ಉರಿಯೂತ ಇಳಿಸುವ ನೋವಿನ ಮಾತ್ರೆ, ಅದು ಕಿಡ್ನಿ ಮತ್ತು ಹೊಟ್ಟೆ ನೋಡಿ ಡಾಕ್ಟರು ಬರೆದುಕೊಡಬೇಕಾದದ್ದು. ಅದಕ್ಕೂ ಬಗ್ಗದಿದ್ದರೆ ಸ್ವಲ್ಪ ದಿನ ಸಣ್ಣ ಪ್ರಮಾಣದ ಸ್ಟೀರಾಯ್ಡ್. ತೀರಾ ತಡೆಯಲಾಗದವರಿಗೆ ಮಾತ್ರೆಯನ್ನು ಮೊದಲಿನಂತೆ ಮಾಡುವ ದಾರಿಯೂ ಇದೆ, ಮಾಡಿದರೆ ನೋವು ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಹೆಚ್ಚಿನವರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳುವುದಿಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ಇದೇ ಉತ್ತರ: ಹೋಗಬಹುದು, ಆದರೆ ನೀವಾಗಿಯೇ ಅಲ್ಲ, ಇಷ್ಟು ಬೇಗವೂ ಅಲ್ಲ.

ಬೆಳಗಿನ ಹೊತ್ತು ಕಷ್ಟ ಅಂದಿದ್ದೀರಿ. ಹಂಡೆ ನೀರು ಕಾದಿರುತ್ತದಲ್ಲ, ಎದ್ದ ತಕ್ಷಣ ಕೆಲಸಕ್ಕೆ ಕೈ ಹಾಕದೆ ಮೊದಲು ಹೆಗಲು ಸೊಂಟದ ಮೇಲೆ ಬಿಸಿನೀರು ಹುಯ್ದುಕೊಂಡು ಸ್ನಾನ ಮುಗಿಸಿ. ಆಮೇಲೆ ಗೋಡೆ ಎದುರು ನಿಂತು ಬೆರಳುಗಳನ್ನು ಹಲ್ಲಿ ಹತ್ತಿದ ಹಾಗೆ ಮೆಲ್ಲಗೆ ಗೋಡೆ ಮೇಲೆ ಹತ್ತಿಸಿ, ನೋವು ಶುರುವಾಗುವ ಜಾಗದಲ್ಲಿ ಹತ್ತು ಎಣಿಸಿ, ಇಳಿಸಿ. ಒಂದು ಕೈಗೆ ಐದು ಸಲ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಡಿ, ವಾರಕ್ಕೊಂದು ಸಲ ನೋಡಿದರೆ ಎಷ್ಟು ಮೇಲೆ ಹೋಯಿತು ಅಂತ ಕಾಣುತ್ತದೆ. ಕಣದ ಸುತ್ತ ನಡೆಯಿರಿ. ದಿನವಿಡೀ ಮಲಗಿದರೆ ಮೈ ಇನ್ನೂ ಬಿಗಿಯುತ್ತದೆ. ಆದರೆ ಮೂಟೆ ಎತ್ತುವುದು, ಮೆಣಸಿಗೆ ಏಣಿ ಹತ್ತುವುದು ಈ ಸಲ ಬೇಡ. ಹೆಗಲು ಹಿಡಿದವರು ಏಣಿ ಮೇಲೆ ಕೈ ಸೋತರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕೂಲಿ ಸಿಗುವುದಿಲ್ಲ ಅನ್ನುವುದು ಗೊತ್ತು, ಆದರೂ ಬೇಡ. ಎಣ್ಣೆ ತಿಕ್ಕಿಸಿಕೊಳ್ಳಬಹುದು. ಗಟ್ಟಿಯಾಗಿ ತಿರುಚಿ ನೆಟಿಕೆ ತೆಗೆಸುವುದು ಬೇಡ.

ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಮೂರು ಬರೆಯಿರಿ: ನೋವು ಹತ್ತಕ್ಕೆ ಎಷ್ಟು, ಇಮ್ಯಾಟಿನಿಬ್ ಎಷ್ಟು, ನೋವಿನ ಮಾತ್ರೆ ಎಷ್ಟು. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ, ಅರ್ಧ ಗಂಟೆ ಮಾತಾಡಿದರೂ ತಿಳಿಯದ್ದು ಅದರಲ್ಲಿ ಕಾಣುತ್ತದೆ. ಮಾತ್ರೆ ಮಾತ್ರ ಮೊದಲಿನ ಹಾಗೇ, ಊಟದ ಜೊತೆ, ದೊಡ್ಡ ಲೋಟ ನೀರು, ದಿನಾ ಒಂದೇ ಹೊತ್ತಿಗೆ. ಚಕ್ಕೋತ ಹಣ್ಣು ತಿನ್ನಬೇಡಿ, ಮಾತ್ರೆ ರಕ್ತದಲ್ಲಿ ಜಾಸ್ತಿ ಉಳಿಯುವ ಹಾಗೆ ಮಾಡುತ್ತದೆ.

ನೋವಿಗೆ ಬೇರೆ ಕಾರಣ ಇಲ್ಲ ಅಂತಲೂ ನೋಡಿಕೊಳ್ಳಬೇಕು. ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್, ವಿಟಮಿನ್ ಡಿ, ಸಿಪಿಕೆ ಈ ರಕ್ತಪರೀಕ್ಷೆಗಳೆಲ್ಲಾ ಹಾಸನದಲ್ಲೇ ಆಗುತ್ತವೆ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಡಿ. ಒಂದೇ ಕೀಲು ಕೆಂಪಾಗಿ ಊದಿದರೆ, ಒಂದೇ ಕಾಲು ಬಾತರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರಿದರೆ, ಎಡಪಕ್ಕೆಯ ಕೆಳಗೆ ಹೊಟ್ಟೆ ತುಂಬಿದ ಹಾಗೆ ಅನ್ನಿಸಿದರೆ, ಕಾಲಲ್ಲಿ ಶಕ್ತಿ ಹೋದರೆ ಕಾಯಬೇಡಿ. ಕಣತಲೆಯ ಹತ್ತಿರ ಹೊಸದಾಗಿ ತಲೆನೋವು ಬಂದು, ಅಗಿಯುವಾಗ ದವಡೆ ನೋಯುತ್ತಿದ್ದರೆ, ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಬೇರೆ ಕಾಯಿಲೆ, ತಡ ಮಾಡಿದರೆ ದೃಷ್ಟಿಗೇ ತೊಂದರೆ.

ಪ್ರಶ್ನೆ: ಮೇಡಂ, ನಮ್ಮ ಅತ್ತೆಗೆ 63. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಹನ್ನೊಂದು ವರ್ಷ ಇಮ್ಯಾಟಿನಿಬ್ ತಗೊಂಡಿದ್ದಾರೆ, ಎರಡೂವರೆ ತಿಂಗಳ ಹಿಂದೆ ಡಾಕ್ಟರೇ ಪೂರ್ತಿ ನಿಲ್ಲಿಸಿದರು. ಒಂದು ತಿಂಗಳಿಗೆ ಮೈಯೆಲ್ಲಾ ನೋವು. ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ದಿನಾ ಎರಡು ಕೊಟ್ಟೆವು, ಹತ್ತು ದಿನ. ಆಮೇಲೆ ನೆಂಟರು ಯಾರೋ ಒಂದು ಪುಡಿ ತಂದುಕೊಟ್ಟರು, ಬೇರಿನ ಔಷಧಿ ಅಂತೆ. ಎರಡೇ ದಿನಕ್ಕೆ ನೋವು ಮಾಯ. ಈಗ ಮೂರು ವಾರದಿಂದ ಅದನ್ನೇ ತಗೊಳ್ಳುತ್ತಿದ್ದಾರೆ, ಚೆನ್ನಾಗಿ ಊಟ ಮಾಡುತ್ತಾರೆ, ಮುಖ ತುಂಬಿಕೊಂಡಿದೆ. ಆದರೆ ಸಕ್ಕರೆ 310 ಬಂದಿದೆ. ಮುಂದುವರಿಸಬಹುದಾ?
ಸೊಸೆ, ಅರಸೀಕೆರೆ

ಉತ್ತರ: ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪುಡಿಯ ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಎರಡೇ ದಿನಕ್ಕೆ ನೋವು ಮಾಯ, ಹಸಿವು ಜಾಸ್ತಿ, ಮುಖ ದುಂಡಗೆ, ಸಕ್ಕರೆ ಏರಿಕೆ. ಇಷ್ಟೂ ಒಟ್ಟಿಗೆ ಇದ್ದರೆ ನನಗೆ ಮೊದಲು ಬರುವ ಅನುಮಾನ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದೆ ಅಂತ. ಕೀಲುನೋವಿಗೆ ಅಂತ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಇದು ಹಳೆಯ ಕಥೆ. ಅತ್ತೆಯ ಮುಖ ತುಂಬಿಕೊಂಡಿದ್ದು ಆರೋಗ್ಯದ ಕಳೆಯಲ್ಲಮ್ಮ. ಹಾಗಂತ ಈ ಉತ್ತರ ಓದಿ ಪುಡಿಯನ್ನು ಇವತ್ತೇ ತಿಪ್ಪೆಗೆ ಎಸೆಯಬೇಡಿ. ಮೂರು ವಾರ ಹೊರಗಿನಿಂದ ಸ್ಟೀರಾಯ್ಡ್ ಹೋಗಿದ್ದರೆ ಮೈ ತನ್ನದನ್ನು ತಯಾರಿಸುವುದು ನಿಲ್ಲಿಸಿರಬಹುದು. ದಿಢೀರ್ ನಿಲ್ಲಿಸಿದರೆ ವಾಂತಿ, ತಲೆಸುತ್ತು, ಬಿಪಿ ಬಿದ್ದುಹೋಗುವುದು ಆಗಬಹುದು. ಎಷ್ಟು ಬೆರೆತಿದೆ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಡಾಕ್ಟರು ಅದರ ಬದಲು ಅಳತೆ ಗೊತ್ತಿರುವ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ. ಸಕ್ಕರೆಗೆ ಸ್ವಲ್ಪ ದಿನ ಇನ್ಸುಲಿನ್ ಬೇಕಾಗಬಹುದು. ಹೆದರಬೇಡಿ, ಅದು ಬರೀ ಇಷ್ಟು ದಿನದ ಮಟ್ಟಿಗೆ ಇರಬಹುದು. ಜಾಸ್ತಿ ಬಾಯಾರಿಕೆ, ಮಂಕು, ವಾಂತಿ ಇದ್ದರೆ ನಾಳೆ ಅಲ್ಲ, ಈ ರಾತ್ರಿಯೇ ಹೊರಡಿ.

ಡೈಕ್ಲೊಫೆನಾಕ್ ಹತ್ತು ದಿನ ಕೊಟ್ಟಿದ್ದೀರಿ. ಸಕ್ಕರೆ, ಬಿಪಿ ಎರಡೂ ಇರುವವರ ಕಿಡ್ನಿಗೆ ಅದು ಒಳ್ಳೆಯದಲ್ಲ, ಕ್ರಿಯಾಟಿನಿನ್ ನೋಡಿಸಿ. ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು. ಮಲ ಕಪ್ಪಗೆ ಡಾಂಬರಿನ ಹಾಗೆ ಹೋದರೆ ತಕ್ಷಣ ಹೇಳಬೇಕು. ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಅತ್ತೆ ನರಳುವುದನ್ನು ನೋಡಲಾಗದೆ ಸಿಕ್ಕಿದ್ದು ಕೊಟ್ಟಿದ್ದೀರಿ, ಕೂತು ಪತ್ರವನ್ನೂ ಬರೆದಿದ್ದೀರಿ. ಎಷ್ಟೋ ಮನೆಯಲ್ಲಿ ಇಷ್ಟೂ ಆಗುವುದಿಲ್ಲ.

ಸ್ಟೀರಾಯ್ಡ್ ಅಂದರೆ ವಿಷ ಅಂತ ನಾನು ಹೇಳುತ್ತಿಲ್ಲ. ಮೇಲಿನ ಪತ್ರಕ್ಕೆ ಉತ್ತರಿಸುವಾಗ ನಾನೇ ಅದರ ಹೆಸರು ಹೇಳಿದ್ದೇನೆ. ಈ ನೋವಿಗೆ ಅದು ಕೆಲಸ ಮಾಡುತ್ತದೆ. ಆದರೆ ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಯಾವತ್ತು ಇಳಿಸುವುದು ಅಂತ ಬರೆದಿಟ್ಟುಕೊಂಡು, ಸಕ್ಕರೆ ನೋಡುತ್ತಾ ಕೊಡುವುದು ಬೇರೆ. ಪೊಟ್ಟಣದ ಪುಡಿ ಚಮಚದಲ್ಲಿ ಅಂದಾಜಿಗೆ ಹಾಕುವುದು ಬೇರೆ.

ಮುಖ್ಯವಾದದ್ದು ಇನ್ನೊಂದಿದೆ, ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮಾತ್ರೆ ಪೂರ್ತಿ ನಿಲ್ಲಿಸಿದವರಿಗೆ ಮೊದಲ ಆರು ತಿಂಗಳು ಪ್ರತಿ ತಿಂಗಳು ಬಿಸಿಆರ್-ಎಬಿಎಲ್ ಆಗಬೇಕು, ಆಮೇಲೆ ವರ್ಷ ತುಂಬುವವರೆಗೆ ಎರಡು ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಮೊದಲ ಆರು ತಿಂಗಳಿಗೆ ಇಷ್ಟು ಬಿಗಿ ಯಾಕೆ ಅಂದರೆ ಕಾಯಿಲೆ ಮರಳುವುದಿದ್ದರೆ ಬಹುಪಾಲು ಆಗಲೇ ಮರಳುತ್ತದೆ. ಫ್ರಾನ್ಸಿನಲ್ಲಿ 100 ಜನಕ್ಕೆ ಮಾತ್ರೆ ನಿಲ್ಲಿಸಿ ನೋಡಿದಾಗಲೇ ಇದು ಗೊತ್ತಾದದ್ದು, 2010ರಲ್ಲಿ ಅದು ಪ್ರಕಟವಾಯಿತು. ಬೇಗ ಕಂಡುಹಿಡಿದು ಮಾತ್ರೆ ಶುರು ಮಾಡಿದರೆ ಹತ್ತಿರಹತ್ತಿರ ಎಲ್ಲರದ್ದೂ ಮತ್ತೆ ಹತೋಟಿಗೆ ಬರುತ್ತದೆ. ಕಂಡುಹಿಡಿಯಲು ರಕ್ತ ಕೊಡಬೇಕಲ್ಲ. ನೋವಿನ ಗಡಿಬಿಡಿಯಲ್ಲಿ ಈ ಎರಡೂವರೆ ತಿಂಗಳಲ್ಲಿ ಎಷ್ಟು ಸಲ ಆಗಿದೆ ನೋಡಿ. ಪರೀಕ್ಷೆಗೆ ಸಾವಿರಗಟ್ಟಲೆ ದುಡ್ಡು ಬೇಕು ಅಂತ ಕೈಬಿಟ್ಟಿದ್ದರೆ ನಿಲ್ಲಿಸಿದ ಡಾಕ್ಟರಿಗೆ ನೇರ ಹೇಳಿ. ಪರೀಕ್ಷೆ ಮಾಡಿಸಲು ಆಗುವುದಿಲ್ಲ ಅನ್ನುವುದಾದರೆ ಮಾತ್ರೆ ನಿಲ್ಲಿಸುವುದೇ ಸರಿಯಲ್ಲ, ಮುಂದುವರಿಸುವುದೇ ಕ್ಷೇಮ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಪ್ರಶ್ನೆ: ನನಗೆ 29. ಎರಡು ವರ್ಷದಿಂದ ಡಸಾಟಿನಿಬ್ ತೆಗೆದುಕೊಳ್ಳುತ್ತಿದ್ದೇನೆ, ರಿಪೋರ್ಟ್ ಚೆನ್ನಾಗಿ ಬರುತ್ತಿದೆ. ಮದುವೆಯಾಗಿ ಒಂದೂವರೆ ವರ್ಷ. ಮಗು ಯಾವಾಗ ಅಂತ ಮನೆಯಲ್ಲಿ ದಿನಾ ಕೇಳುತ್ತಾರೆ. ಮಾತ್ರೆ ಬಿಟ್ಟವರೂ ಇದ್ದಾರೆ ಅಂತ ಓದಿದೆ. ಒಮ್ಮೆಗೇ ಬಿಟ್ಟರೆ ನೋವು ಬರುತ್ತದಂತೆ, ಅದಕ್ಕೆ ದಿನ ಬಿಟ್ಟು ದಿನ ತೆಗೆದುಕೊಂಡು ಮೆಲ್ಲಗೆ ನಾನೇ ನಿಲ್ಲಿಸಿದರೆ ಆಗುತ್ತದಾ? ಡಾಕ್ಟರು ಗಂಡಸರು, ಕೇಳಲು ಸಂಕೋಚ.
ಚಿಕ್ಕಮಗಳೂರು

ಉತ್ತರ: ಬೇಡಮ್ಮ. ಶುರು ಮಾಡಿದ್ದರೆ ಇವತ್ತೇ ಸರಿಯಾದ ಪ್ರಮಾಣಕ್ಕೆ ಬನ್ನಿ, ನಾಳೆ ಡಾಕ್ಟರಿಗೆ ಫೋನ್ ಮಾಡಿ.

ಮಾತ್ರೆ ಬಿಟ್ಟವರು ಇದ್ದಾರೆ, ನಿಜ. ಆದರೆ ಅವರು ಯಾರು ಅನ್ನುವುದನ್ನು ನೋಡಬೇಕು. ಯುರೋಪಿನ ತಜ್ಞರು 2020ರಲ್ಲಿ ಹೇಳಿದ ಪ್ರಕಾರ ಇಮ್ಯಾಟಿನಿಬ್ ಆದರೆ ಐದು ವರ್ಷಕ್ಕೂ ಮೇಲೆ, ಡಸಾಟಿನಿಬ್ ತರದ್ದಾದರೆ ನಾಲ್ಕು ವರ್ಷಕ್ಕೂ ಮೇಲೆ ತೆಗೆದುಕೊಂಡಿರಬೇಕು. ಅದರಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಸಂಖ್ಯೆ 0.01 ದಾಟದೆ ಅದರೊಳಗೇ ನಿಂತಿರಬೇಕು. ನಿಮಗೆ ಆಗಿರುವುದು ಒಟ್ಟು ಎರಡೇ ವರ್ಷ. ಈಗ ಇಳಿಸಿದರೆ ನೋವು ಬರುತ್ತದೋ ಇಲ್ಲವೋ ಅನ್ನುವುದು ಸಣ್ಣ ಮಾತು, ಕಾಯಿಲೆ ಮರಳಬಹುದು ಅನ್ನುವುದು ದೊಡ್ಡ ಮಾತು. ಅರೆಬರೆ ಪ್ರಮಾಣದಲ್ಲಿ ತೆಗೆದುಕೊಂಡರೆ ಮಾತ್ರೆಗೇ ಬಗ್ಗದ ಕಾಯಿಲೆ ಬೆಳೆಯುವ ಅಪಾಯವೂ ಇದೆ.

ಇನ್ನೊಂದು ಕಡೆಯಿಂದಲೂ ಹೇಳಬೇಕು. ಡಸಾಟಿನಿಬ್ ತೆಗೆದುಕೊಳ್ಳುತ್ತಿರುವಾಗ ಗರ್ಭ ನಿಲ್ಲಬಾರದು. ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ತೊಂದರೆ. ದಿನ ಬಿಟ್ಟು ದಿನ ತೆಗೆದುಕೊಂಡರೂ ಅಷ್ಟೇ. ಆದ್ದರಿಂದ ಗರ್ಭನಿರೋಧಕ ಸರಿಯಾಗಿ ಬಳಸಿ. ಮುಟ್ಟು ತಪ್ಪಿದರೆ ಒಂದು ದಿನವೂ ಕಾಯದೆ ಪರೀಕ್ಷೆ ಮಾಡಿಕೊಂಡು ಹೇಳಿ.

ಮಗು ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಅದನ್ನು ತಪ್ಪು ತಿಳಿಯಬೇಡಿ. ಸಿಎಂಎಲ್ ಇದ್ದು, ತಾಯಿಯಾಗಿ, ಮಗುವನ್ನು ಶಾಲೆಗೆ ಕಳಿಸುತ್ತಿರುವವರು ಇದ್ದಾರೆ. ಕಾಯಿಲೆ ಆಳವಾಗಿ ಹತೋಟಿಗೆ ಬಂದು ಕೆಲವು ವರ್ಷ ಹಾಗೇ ಇದ್ದ ಮೇಲೆ, ದಿನ ನೋಡಿ, ಯೋಜನೆ ಹಾಕಿ, ಮಾತ್ರೆ ನಿಲ್ಲಿಸಿ ಗರ್ಭಕ್ಕೆ ಪ್ರಯತ್ನಿಸುತ್ತಾರೆ. ಆಗ ತಿಂಗಳು ತಿಂಗಳು ರಕ್ತ ನೋಡುತ್ತಾರೆ, ಸಂಖ್ಯೆ ಏರಿದರೆ ಮಗುವಿಗೆ ತೊಂದರೆ ಕಡಿಮೆ ಇರುವ ಇಂಟರ್‌ಫೆರಾನ್ ಬಳಸುವುದೂ ಉಂಟು. ನಿಮಗೆ 29, ಇನ್ನೂ ಸಮಯ ಇದೆ. ಮೂರು ನಾಲ್ಕು ವರ್ಷದ ಲೆಕ್ಕ ಹಾಕಿಕೊಂಡು ಈಗಿನಿಂದಲೇ ಡಾಕ್ಟರ ಜೊತೆ ಮಾತು ಶುರು ಮಾಡಿದರೆ ಅವರು ರಿಪೋರ್ಟುಗಳನ್ನು ಆ ಕಣ್ಣಿನಿಂದಲೇ ನೋಡುತ್ತಾ ಹೋಗುತ್ತಾರೆ. ಆಗ ನೋವು ಬಂದರೂ ಅದಕ್ಕೆ ದಾರಿ ಇದೆ, ಮೇಲೆ ಬರೆದಿದ್ದೇನೆ. ಒಂದೇ ವ್ಯತ್ಯಾಸ, ಗರ್ಭಕ್ಕೆ ಪ್ರಯತ್ನಿಸುತ್ತಿರುವಾಗ ನೋವಿನ ಮಾತ್ರೆಯನ್ನೂ ಕೇಳಿಯೇ ತೆಗೆದುಕೊಳ್ಳಬೇಕು.

ಸಂಕೋಚ ಅಂದಿರಿ. ಬಾಯಲ್ಲಿ ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ 'ನಮಗೆ ಮಗು ಬೇಕು, ಯಾವಾಗ ಪ್ರಯತ್ನಿಸಬಹುದು?' ಅಂತ ಬರೆದು ಫೈಲಿನ ಮೇಲಿಟ್ಟು ಕೊಡಿ. ಅವರು ಓದಿ ತಾವೇ ಮಾತು ತೆಗೆಯುತ್ತಾರೆ. ಗಂಡನನ್ನು ಹೊರಗೆ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ಒಪ್ಪುವುದಾದರೆ ಅತ್ತೆಯನ್ನೂ ಒಂದು ಸಲ ಕರೆದುಕೊಂಡು ಹೋಗಿ, ಯಾಕೆ ಕಾಯಬೇಕು ಅಂತ ಡಾಕ್ಟರ ಬಾಯಿಂದಲೇ ಅವರು ಕೇಳಲಿ. ದಿನಾ ಮನೆಯಲ್ಲಿ ಉತ್ತರ ಕೊಡುವ ಕೆಲಸ ನಿಮ್ಮೊಬ್ಬರದ್ದೇ ಆಗಬಾರದು.